ದಿಕ್ಕು ಹಿಡಿದು ನೆಲವನ್ನಳೆದ ಲ್ಯಾಂಬ್ಟನ್

ಬದನಗುಪ್ಪೆಯಿಂದ ಹೊರಟ ಪಯಣಿಗನೊಬ್ಬ ಪೂರ್ವಕ್ಕೆ 3 ಮೈಲಿ, ಬಳಿಕ ಉತ್ತರಕ್ಕೆ 4 ಮೈಲಿ ನಡೆದರೆ ಸವೆಸಿದ ಹಾದಿ 7 ಮೈಲಿ. ಆದರೆ ಹೊರಟ ಸ್ಥಳದಿಂದ ಆತ ಇರುವ ನೇರ ದೂರ ಕೇವಲ 5 ಮೈಲಿ, ಅದೂ ಈಶಾನ್ಯದತ್ತ. ಭೌತಶಾಸ್ತ್ರದ ಮೊದಲ ಪಾಠಗಳಲ್ಲಿ ಫಲಿತ ಸ್ಥಾನಪಲ್ಲಟ ಎನಿಸುವ ಈ ಲೆಕ್ಕವನ್ನು, ಸದಿಶ ಎಂಬ ಪರಿಭಾಷೆ ಹುಟ್ಟುವ ಮುನ್ನವೇ, ದಕ್ಷಿಣ ಭಾರತದ ನೆಲಕ್ಕೆ ಅನ್ವಯಿಸಿದವರು ವಿಲಿಯಂ ಲ್ಯಾಂಬ್ಟನ್.

ಯಾರ್ಕ್‌ಶೈರ್‌ನ ಬಡ ಕುಟುಂಬದಲ್ಲಿ ಜನಿಸಿದ ಅವರು ಸೇನಾಧಿಕಾರಿಯಾಗಿ 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದರು. ರಾತ್ರಿಯ ನಡಿಗೆಯೊಂದರಲ್ಲಿ ದಂಡು ದಾರಿ ತಪ್ಪಿ ಟಿಪ್ಪುವಿನ ಸೇನೆಯತ್ತಲೇ ಸಾಗುತ್ತಿರುವುದನ್ನು ನಕ್ಷತ್ರಗಳಿಂದ ಅರಿತು ಜನರಲ್ ಬೇರ್ಡ್ ಅವರನ್ನು ಎಚ್ಚರಿಸಿದರು. ದೂರದ ಜೊತೆ ದಿಕ್ಕೂ ಇರಬೇಕೆಂಬುದು ಅಂದು ಪ್ರಾಣದ ಪ್ರಶ್ನೆಯಾಗಿತ್ತು.

1800ರಲ್ಲಿ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದು ಮೈಸೂರು ಸೀಮೆಯ ಸರ್ವೇಕ್ಷಣೆ ಆರಂಭಿಸಿದರು. ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನಳೆದು ತ್ರಿಕೋನಗಳನ್ನು ಹೆಣೆದರು. ಭುಜಗಳನ್ನು ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಅಂಶಗಳಾಗಿ ಬಿಡಿಸಿ ಕೂಡಿಸಿದರು. ರಸ್ತೆಯ ತಿರುವುಗಳಿಗೆ ಈ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಹಳೆಯ ನಕ್ಷೆಗಳಲ್ಲಿ 400 ಮೈಲಿಯಿದ್ದ ಮದರಾಸು-ಮಂಗಳೂರು ಅಗಲ 360 ಮೈಲಿಗೆ ಇಳಿಯಿತು. ನಲವತ್ತು ಮೈಲಿ ನೆಲ ಕಾಗದದ ಮೇಲಷ್ಟೇ ಇತ್ತು!

1808ರಲ್ಲಿ ತಂಜಾವೂರಿನ ದೇಗುಲದ ಗೋಪುರಕ್ಕೆ ಏರಿಸುವಾಗ ಅರ್ಧ ಟನ್ ತೂಕದ ಥಿಯೊಡೊಲೈಟ್ ಬಡಿದು ಜಖಂಗೊಂಡಿತು. ಹೊಸತಿಗೆ ಕಾಯದೆ ಲ್ಯಾಂಬ್ಟನ್ ವಾರಗಟ್ಟಲೆ ಕುಳಿತು ತಾವೇ ಅದನ್ನು ಸರಿಪಡಿಸಿದರು. 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ಸರ್ವೇಕ್ಷಣೆಯ ಹಾದಿಯಲ್ಲೇ ನಿಧನರಾದರು. ತ್ರಿಕೋನಗಳ ಸರಣಿಯನ್ನು ಜಾರ್ಜ್ ಎವರೆಸ್ಟ್ ಹಿಮಾಲಯದ ತಪ್ಪಲಿನವರೆಗೆ ಒಯ್ದರು.