ದಿವಂಗತ ಸೈಯದ್ ಅಬ್ದುಲ್ ರಹೀಮರು

ಸೇನೆಯ ಬಲವು ಅದರ ಸಂಖ್ಯೆಯಲ್ಲಿಲ್ಲ, ವ್ಯೂಹದಲ್ಲಿದೆಯೆಂಬುದು ಮಹಾಭಾರತವನ್ನು ಓದಿದವರಿಗೆ ಹೊಸ ಮಾತಲ್ಲ. ಕಾಲ್ಚೆಂಡಿನ ಬಯಲಿನಲ್ಲಿ ಈ ತತ್ತ್ವವನ್ನು ನಮ್ಮ ದೇಶಕ್ಕೆ ಕಲಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು. ಗೆದ್ದ ಆಟಗಾರರ ಹೆಸರುಗಳನ್ನು ಸ್ಮರಿಸುವ ಜನರು ಗೆಲ್ಲಿಸಿದ ಗುರುವಿನ ಹೆಸರನ್ನು ಮರೆತಿರುವುದು ನಮಗೆ ಶೋಭೆಯಲ್ಲ.

1909ರಲ್ಲಿ ಜನಿಸಿದ ರಹೀಮರು ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. 1943ರಿಂದ ಮರಣಪರ್ಯಂತ ಹೈದರಾಬಾದು ಫುಟ್‌ಬಾಲ್ ಸಂಘದ ಕಾರ್ಯದರ್ಶಿಗಳಾಗಿದ್ದರು. ಅವರು ತಿದ್ದಿದ ಹೈದರಾಬಾದು ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ರೋವರ್ಸ್ ಕಪ್ಪನ್ನು ಗೆದ್ದಿತು. ಬಲಗಾಲಿನಷ್ಟೇ ಎಡಗಾಲೂ ಪಳಗಬೇಕೆಂದು, ಹುಡುಗರು ತಮಗೆ ವಾಡಿಕೆಯಿಲ್ಲದ ಕಾಲಿನಿಂದಲೇ ಚೆಂಡನ್ನು ಒದೆಯಬೇಕಾದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಉಪಾಧ್ಯಾಯರ ಬುದ್ಧಿಯೆಂದರೆ ಇದು.

1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಅವರ ಶಿಷ್ಯರು ಚಿನ್ನ ತಂದರು. ಮರುವರ್ಷವೇ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಗರ್ವಭಂಗವಾಯಿತು. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿ ಯುಗೋಸ್ಲಾವಿಯಕ್ಕೆ 1–10ರಂತೆ ಸೋತರು. ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನರು. ಇನ್ನೊಬ್ಬರಾಗಿದ್ದರೆ ಹವೆಯನ್ನು ಹಳಿದು ಕೈತೊಳೆದುಕೊಳ್ಳುತ್ತಿದ್ದರು. ರಹೀಮರಾದರೋ ಆ ಸಲ ಚಿನ್ನ ಗೆದ್ದ ಹಂಗೇರಿಯವರ ಆಟದಿಂದ ಪಾಠ ಕಲಿತರು.

ಆ ಪಾಠವೇನು? ಇಬ್ಬರು ಬ್ಯಾಕುಗಳು, ಮೂವರು ಹಾಫ್‌ಬ್ಯಾಕುಗಳು, ಐವರು ಫಾರ್ವರ್ಡುಗಳು ಎಂಬ ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಗೆರೆ ಕೊಯ್ದಂತೆ ಒಂದು ಸ್ಥಾನ. ಹಂಗೇರಿಯವರು ಸೆಂಟರ್ ಫಾರ್ವರ್ಡನನ್ನೇ ಹಿಂದಕ್ಕೆಳೆದು ಮೈದಾನದ ನಡುವೆ ಆಡಿಸಿದರು. ಅವನನ್ನು ಕಾಯಬೇಕಾದ ಎದುರಾಳಿ ಬೆನ್ನಟ್ಟಿ ಬಂದರೆ ಗೋಲಿನ ಮುಂದೆ ಬಯಲು ಬರಿದಾಗುತ್ತದೆ. ಬಾರದಿದ್ದರೆ ಆಟ ಕಟ್ಟುವವನಿಗೆ ತಡೆಯೇ ಇಲ್ಲದಾಗುತ್ತದೆ. ಬ್ರೆಜಿಲ್ ದೇಶವು 1958ರಲ್ಲಿ ನಾಲ್ವರು ಬ್ಯಾಕು, ಇಬ್ಬರು ಹಾಫ್, ನಾಲ್ವರು ಫಾರ್ವರ್ಡುಗಳ ವ್ಯೂಹದಿಂದ ವಿಶ್ವಕಪ್ ಗೆಲ್ಲುವ ಮೊದಲೇ ರಹೀಮರು ಆ ದಾರಿಯಲ್ಲಿ ನಡೆದಿದ್ದರೆಂದು ಆಟವನ್ನು ಬಲ್ಲವರು ಹೇಳುತ್ತಾರೆ. 1956ರ ಮೆಲ್ಬೋರ್ನಿನಲ್ಲಿ ಇದರ ಫಲ ಕಂಡಿತು. ನೆವಿಲ್ ಡಿಸೋಜರ ಮೂರು ಗೋಲುಗಳ ಬಲದಿಂದ ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿದ ಭಾರತವು, ಒಲಿಂಪಿಕ್ ಉಪಾಂತ್ಯವನ್ನು ತಲುಪಿದ ಏಷ್ಯದ ಮೊದಲ ತಂಡವೆನಿಸಿ, ನಾಲ್ಕನೆಯ ಸ್ಥಾನ ಪಡೆಯಿತು.

1962ರಲ್ಲಿ ಜಕಾರ್ತಕ್ಕೆ ಹೊರಟಾಗ ರಹೀಮರು ಕ್ಯಾನ್ಸರಿನಿಂದ ಜರ್ಝರಿತರಾಗಿದ್ದರು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯಕ್ಕೆ 0–2ರಿಂದ ಸೋಲು. ಥೈಲೆಂಡಿನೊಡನೆ ಆಡುವಾಗ ರಕ್ಷಣೆಯ ಗೋಡೆಯಂತಿದ್ದ ಪಂಜಾಬಿನ ಜರ್ನೈಲ್ ಸಿಂಗರ ತಲೆಯೊಡೆದು ಹೊಲಿಗೆ ಹಾಕಬೇಕಾಯಿತು. ರಹೀಮರು ಅರುಣ್ ಘೋಷರನ್ನು ರಕ್ಷಣೆಯ ನಡುವೆ ನಿಲ್ಲಿಸಿ, ಗಾಯಾಳು ಜರ್ನೈಲರನ್ನು ಸೆಂಟರ್ ಫಾರ್ವರ್ಡನನ್ನಾಗಿ ಕಳುಹಿಸಿದರು. ಈ ಸಾಹಸವು ಹುಚ್ಚುತನವೆಂದು ಯಾರಿಗಾದರೂ ತೋರಬಹುದಾಗಿತ್ತು. ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮಿನ ಮೇಲೆ ಜರ್ನೈಲರು ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತ್ಯಪಂದ್ಯದಲ್ಲಿ, ನಮ್ಮ ವಿರುದ್ಧ ಕೂಗುತ್ತಿದ್ದ ಜನಸಮುದಾಯದ ಮುಂದೆ, ಪಿ. ಕೆ. ಬ್ಯಾನರ್ಜಿಯವರೊಂದು, ಜರ್ನೈಲರೊಂದು ಗೋಲು ಹೊಡೆದು ಅದೇ ಕೊರಿಯವನ್ನು 2–1ರಿಂದ ಸೋಲಿಸಿದರು.

ಆ ತಂಡದ ನಾಯಕರು ಬಂಗಾಳದ ಚುನಿ ಗೋಸ್ವಾಮಿ. ಹೈದರಾಬಾದಿನವರು ಬಲರಾಮ್ ಮತ್ತು ಯೂಸುಫ್ ಖಾನ್. ಗೋಲು ಕಾದವರು ತಂಗರಾಜ್. ಮತ, ಪ್ರಾಂತ, ಭಾಷೆಗಳ ಭೇದವನ್ನು ಮರೆತು ಹನ್ನೊಂದು ಮಂದಿ ಒಂದೇ ಮನಸ್ಸಾದದ್ದು ಭಾಷಣದಿಂದಲ್ಲ. ತನಗೆ ಕೊಟ್ಟ ಜಾಗವು ಗೌರವದ ಪೀಠವಲ್ಲ, ಕರ್ತವ್ಯದ ಠಾಣೆಯೆಂದು ಪ್ರತಿಯೊಬ್ಬನಿಗೂ ಗುರುವು ಮನಗಾಣಿಸಿದ್ದರಿಂದ.

ಮುಂದಿನ ವರ್ಷ, 1963ರ ಜೂನ್ 11ರಂದು, ಇನ್ನೂ 54 ತುಂಬದ ರಹೀಮರು ಅಗಲಿದರು. ಏಷ್ಯನ್ ಕ್ರೀಡೆಗಳಲ್ಲಿ 1970ರಲ್ಲಿ ಒಮ್ಮೆ ಕಂಚು ಬಂದುದನ್ನು ಬಿಟ್ಟರೆ, ಆ ಮೇಲೆ ಕಾಲ್ಚೆಂಡಿನ ಪದಕ ನಮ್ಮ ಕೈಸೇರಲಿಲ್ಲ. ದೋಷವು ವಿಧಿಯದಲ್ಲ. ಒಬ್ಬ ಮಹಾನುಭಾವನು ಹುಟ್ಟಿಬರಲೆಂದು ಕಾಯುತ್ತ ಕೂರುವುದು, ಅವನು ಬಂದಾಗ ಅವನಿಂದ ದುಡಿಸಿಕೊಂಡು, ಹೋದಮೇಲೆ ಅವನ ವಿದ್ಯೆಯನ್ನು ಮುಂದಿನವರಿಗೆ ಮುಟ್ಟಿಸದಿರುವುದು ನಮ್ಮ ಹಳೆಯ ರೋಗ. ರಹೀಮರಿಗೆ ಶಿಲಾಪ್ರತಿಮೆ ನಿಲ್ಲಿಸುವುದಕ್ಕಿಂತಲೂ, ಊರೂರ ಶಾಲೆಯ ಬಯಲಿನಲ್ಲಿ ಹುಡುಗರಿಗೆ ಎರಡೂ ಕಾಲುಗಳಿಂದ ಚೆಂಡೊದೆಯಲು ಕಲಿಸಬಲ್ಲ ಒಬ್ಬೊಬ್ಬ ಉಪಾಧ್ಯಾಯರನ್ನು ನೇಮಿಸುವುದೇ ಅವರಿಗೆ ತಕ್ಕ ಸ್ಮಾರಕವೆಂದು ನಾವು ಭಾವಿಸುತ್ತೇವೆ.