ಪೀಟರ್ ಡೆಬೈ

ಚಿಕ್ಕೋಡಿಯ ಕಡೆಯವನಾದ ನನಗೆ ಗಡಿಯೂರುಗಳಲ್ಲಿ ಹುಟ್ಟಿದವರ ಮೇಲೆ ಒಂದು ಬಗೆಯ ಮಮತೆಯುಂಟು. ನಿಪ್ಪಾಣಿ, ಕಾಗವಾಡಗಳಲ್ಲಿ ಒಂದೇ ಕಟ್ಟೆಯ ಮೇಲೆ ಎರಡು ನುಡಿಗಳು ಕುಳಿತು ಹರಟುವುದನ್ನು ಕೇಳಿ ಬೆಳೆದವರಿಗೆ ಇದು ಸಹಜ. ಕನ್ನಡ ಪಾಠ ಹೇಳುವ ನನ್ನನ್ನು ಪೀಟರ್ ಡೆಬೈ ಎಂಬ ವಿಜ್ಞಾನಿಯ ಬಾಳು ಮೊದಲು ಸೆಳೆದುದು ಈ ಕಾರಣದಿಂದಲೇ. 1884ರ ಮಾರ್ಚ್ 24ರಂದು ಆತ ಹುಟ್ಟಿದ ಮಾಸ್ಟ್ರಿಕ್ಟ್ ಹಾಲೆಂಡಿನ ದಕ್ಷಿಣದ ಅಂಚಿನ ಪಟ್ಟಣ. ಬೆಲ್ಜಿಯಮ್ ಮಗ್ಗುಲಲ್ಲಿಯೇ ಇದೆ, ಜರ್ಮನಿಯೂ ದೂರವಿಲ್ಲ. ಗಡಿ ದಾಟಿ ಆಕೆನ್ ನಗರದಲ್ಲಿ ಓದಿ 1905ರಲ್ಲಿ ವಿದ್ಯುತ್ ಇಂಜಿನಿಯರ್ ಆದ. ಗುರು ಸೊಮ್ಮರ್‌ಫೆಲ್ಡರ ಬೆನ್ನುಹತ್ತಿ ಮ್ಯೂನಿಕ್ಕಿಗೆ ಹೋಗಿ 1908ರಲ್ಲಿ ಡಾಕ್ಟರನಾದ. 1911ರಲ್ಲಿ ಜ್ಯೂರಿಕ್‌ನಲ್ಲಿ ಐನ್‌ಸ್ಟೈನರು ತೆರವು ಮಾಡಿದ ಪೀಠವೇ ಈ ತರುಣನಿಗೆ ದೊರೆಯಿತು.

ಮರುವರ್ಷ ಆತನಿಗೆ ಹೊಳೆದ ಸಂಗತಿ ಸರಳವಾದುದು. ಕೆಲವು ಅಣುಗಳಲ್ಲಿ ವಿದ್ಯುತ್ತು ಸಮನಾಗಿ ಹಂಚಿಕೊಂಡಿರುವುದಿಲ್ಲ. ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ. ನೀರಿನ ಅಣು ಅಂಥದು. ಇಂಥ ಅಣುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ ಅವು ದಿಕ್ಸೂಚಿಯ ಮುಳ್ಳಿನಂತೆ ತಿರುಗಲು ಹವಣಿಸುತ್ತವೆ. ಶಾಖದ ನೂಕುನುಗ್ಗಲು ಅವನ್ನು ಚದರಿಸುತ್ತದೆ. ಕಾಯಿಸಿದಷ್ಟೂ ಸಾಲು ಕೆಡುತ್ತದೆ. ಈ ಲೆಕ್ಕದಿಂದ ಅಣುವಿನ ಆಕಾರವನ್ನೇ ಊಹಿಸಬಹುದೆಂದು ಆತ ತೋರಿಸಿದ. ಆ ಅಳತೆಗೆ ಈಗ ಡೆಬೈ ಎಂದೇ ಹೆಸರು; ನೀರಿನದು ಸುಮಾರು 1.85 ಡೆಬೈ.

1913ರಲ್ಲಿ ಆತ ಇನ್ನೊಂದು ಹೆಜ್ಜೆ ಮುಂದೆ ಹೋದ. ತಿರುಗಲು ಅಣುವಿಗೆ ಹೊತ್ತು ಬೇಕಷ್ಟೆ? ರಾಯಬಾಗದ ಕಡೆ ಗಾಣದಲ್ಲಿ ಕಾಕವಿ ಕಂಡವರು ಬಲ್ಲರು: ಬಿಸಿಯಿದ್ದಾಗ ಸಟ್ಟುಗ ಸರಾಗವಾಗಿ ಆಡುತ್ತದೆ, ಆರಿದರೆ ಕೈ ಸೋಲುತ್ತದೆ. ಅಣುವಿನ ಪಾಡೂ ಇದೇ. ಕ್ಷೇತ್ರ ಮೆಲ್ಲಗೆ ದಿಕ್ಕು ಬದಲಿಸಿದರೆ ಅದು ಹಿಂಬಾಲಿಸುತ್ತದೆ. ಬಹುವೇಗವಾಗಿ ಬದಲಿಸಿದರೆ ಇದ್ದಲ್ಲೇ ಇರುತ್ತದೆ. ನಡುವಿನ ವೇಗದಲ್ಲಿ ಹಿಂದುಳಿದು ಒದ್ದಾಡಿ, ಪಡೆದ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ.

ಪಾಲಿಮರುಗಳಲ್ಲಿ ಸಾವಿರಾರು ಘಟಕಗಳು ಸರದ ಮಣಿಗಳಂತೆ ಕಟ್ಟಿಕೊಂಡಿರುವುದರಿಂದ ಒಂದು ತುಂಡು ತಿರುಗಬೇಕಾದರೆ ನೆರೆಯವೂ ಜಾಗ ಕೊಡಬೇಕು. ಆದುದರಿಂದ ಡೆಬೈ ಹೇಳಿದ ಒಂದೇ ಕಾಲಾವಧಿ ಅಲ್ಲಿ ಸಾಲದು. 1941ರಲ್ಲಿ ಕೋಲ್ ಸೋದರರು ಅದನ್ನು ತಿದ್ದಿ ಹಿಗ್ಗಿಸಿದರು. ಬುನಾದಿ ಮಾತ್ರ ಡೆಬೈಯದೇ. ಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಅದರ ಸರಪಳಿಗೆ ಧ್ರುವಗಳುಂಟು; ಪಿವಿಸಿ ಹಾಳೆಗಳ ಅಂಚನ್ನು ಶೀಘ್ರ ಬದಲಾಗುವ ಕ್ಷೇತ್ರದಲ್ಲಿಟ್ಟು ಬೆಸೆಯುವುದು ಈ ಒದ್ದಾಟದ ಶಾಖದಿಂದ. ಧ್ರುವಗಳಿಲ್ಲದ ಪಾಲಿಥೀನು ಆ ಉಪಾಯಕ್ಕೆ ಜಗ್ಗುವುದಿಲ್ಲ.

ಯುಟ್ರೆಕ್ಟ್, ಗಟ್ಟಿಂಗೆನ್, ಮತ್ತೆ ಜ್ಯೂರಿಕ್, ಲೈಪ್‌ಜಿಗ್ ಎಂದು ಸುತ್ತಿದ ಡೆಬೈ 1934ರಲ್ಲಿ ಬರ್ಲಿನ್ನಿಗೆ ಬಂದ. 1936ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಹಿಟ್ಲರನ ಕಾಲವದು. 1938ರ ಬೇಸಗೆಯಲ್ಲಿ ಯೆಹೂದಿ ಮೂಲದ ಲೀಸ ಮೈಟ್ನರ್ ಜರ್ಮನಿಯಿಂದ ಪಾರಾಗಲು ಡೆಬೈ ಕೈಜೋಡಿಸಿದ. ಅದೇ ವರ್ಷದ ಡಿಸೆಂಬರಿನಲ್ಲಿ, ಜರ್ಮನ್ ಭೌತವಿಜ್ಞಾನ ಸಂಘದ ಅಧ್ಯಕ್ಷನಾಗಿ, ಯೆಹೂದಿ ಸದಸ್ಯರು ಸಂಘವನ್ನು ಬಿಡಬೇಕೆಂಬ ಪತ್ರಕ್ಕೆ ಸಹಿ ಹಾಕಿದ. ಒಂದು ಕೈ ಮಾಡಿದುದನ್ನು ಇನ್ನೊಂದು ಕೈ ತೊಳೆಯಿತೆಂದು ವಾದಿಸುವವರಿದ್ದಾರೆ. ನಾನು ಒಪ್ಪಲಾರೆ; ಸಹಿ ಸಹಿಯೇ. ಆದರೆ ಜರ್ಮನ್ ಪೌರತ್ವವನ್ನು ಸ್ವೀಕರಿಸಬೇಕೆಂಬ ಒತ್ತಾಯಕ್ಕೆ ಆತ ಮಣಿಯದೆ 1940ರ ಆರಂಭದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಾದಿ ಹಿಡಿದುದನ್ನೂ ಮರೆಯಲಾರೆ.

ಅಲ್ಲಿ, ಯುದ್ಧದ ವರ್ಷಗಳಲ್ಲಿ, ಕೃತಕ ರಬ್ಬರಿನಂಥ ಪಾಲಿಮರುಗಳತ್ತ ಆತ ತಿರುಗಿದ. ದ್ರಾವಣದಲ್ಲಿ ಬೆಳಕು ಚದರುವ ಬಗೆಯನ್ನು ಅಳೆದು ಆ ದೈತ್ಯಾಣುಗಳ ತೂಕ ಕಂಡುಕೊಳ್ಳುವ ದಾರಿ ತೋರಿದ. 1946ರಲ್ಲಿ ಅಮೆರಿಕದ ಪ್ರಜೆಯಾಗಿ, 1966ರ ನವೆಂಬರ್ 2ರಂದು ಇಥಾಕಾ ನಗರದಲ್ಲಿ ತೀರಿಕೊಂಡ.

ನಲವತ್ತು ವರ್ಷಗಳ ಬಳಿಕ, 2006ರಲ್ಲಿ, ಆ ಹಳೆಯ ಪತ್ರ ಮತ್ತೆ ಚರ್ಚೆಗೆ ಬಂದಾಗ ಯುಟ್ರೆಕ್ಟ್ ವಿಶ್ವವಿದ್ಯಾಲಯ ತನ್ನ ಸಂಶೋಧನಾಲಯಕ್ಕಿದ್ದ ಡೆಬೈಯ ಹೆಸರನ್ನು ತೆಗೆದುಹಾಕಿತು. ವಿಚಾರಣೆಗಳು ನಡೆದವು. 2008ರಲ್ಲಿ ಸಮಿತಿಯೊಂದು ಹೆಸರನ್ನು ಉಳಿಸಿಕೊಳ್ಳಬಹುದೆಂದು ಸಲಹೆ ಕೊಟ್ಟ ಮೇಲೆ ಅದು ಹಿಂತಿರುಗಿತು.