ಒಂದು ಪದದ ಅರ್ಥ ಹುಡುಕಿದ ಹುಡುಗ



ಹೋದ ತಿಂಗಳು ಇಂಗ್ಲಿಷ್ ಪಾಠ ಓದುವಾಗ ನಾನು ಐಲ್ಯಾಂಡ್ ಅನ್ನೋ ಪದವನ್ನು ಇಸ್‌ಲ್ಯಾಂಡ್ ಅಂತ ಓದಿದೆ. ಎಲ್ಲರೂ ನಕ್ಕಿರಿ. ನಿಮಗೆ ಮರೆತಿರಬಹುದು, ನಂಗೆ ಮರೆತಿಲ್ಲ. ಅವತ್ತಿನಿಂದ ನಾನು ಗೊತ್ತಿಲ್ಲದ ಪದದ ಅರ್ಥ ಕೇಳೋದನ್ನೇ ಬಿಟ್ಟೆ. ಇದನ್ನು ಗಮನಿಸಿದ ನಮ್ಮ ಮೇಷ್ಟ್ರು ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಫ್ರೆಡರಿಕ್ ಡಗ್ಲಸ್ ಅವರ ಕತೆ ಹೇಳಿದರು. ಅದನ್ನೇ ನಿಮಗೂ ಹೇಳುತ್ತೇನೆ.

ಡಗ್ಲಸ್ ಅವರು ಹುಟ್ಟಿದ್ದು 1818ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ. ಆಗ ಅಲ್ಲಿ ಕಪ್ಪು ಜನರನ್ನು ದನಗಳ ಹಾಗೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ಡಗ್ಲಸ್ ಅವರ ತಾಯಿ ಗುಲಾಮಳು, ಆದ್ದರಿಂದ ಮಗುವೂ ಗುಲಾಮ. ತಾಯಿ ಬೇರೆ ಹೊಲದಲ್ಲಿ ದುಡಿಯುತ್ತಿದ್ದಳು. ಮಗನನ್ನು ನೋಡಲು ರಾತ್ರಿ ಹೊತ್ತು ಸುಮಾರು 12 ಮೈಲಿ ನಡೆದು ಬಂದು, ಬೆಳಗಾಗುವ ಮುಂಚೆ ಕೆಲಸಕ್ಕೆ ವಾಪಸ್ ಹೋಗಬೇಕಿತ್ತಂತೆ. ಅವನಿಗೆ ಏಳು ವರ್ಷವಾಗುವಷ್ಟರಲ್ಲಿ ಅವಳು ತೀರಿಕೊಂಡಳು. ತನ್ನ ಹುಟ್ಟಿದ ದಿನ ಯಾವುದು ಅಂತಲೂ ಅವನಿಗೆ ಗೊತ್ತಿರಲಿಲ್ಲ.

ಎಂಟು ವರ್ಷದವನಿದ್ದಾಗ ಅವನನ್ನು ಬಾಲ್ಟಿಮೋರ್ ಪಟ್ಟಣದ ಒಂದು ಮನೆಗೆ ಕೆಲಸಕ್ಕೆ ಕಳಿಸಿದರು. ಆ ಮನೆಯ ಯಜಮಾನಿ ಸೋಫಿಯಾ ಆಲ್ಡ್ ಮೊದಮೊದಲು ಒಳ್ಳೆಯವಳು. ಎಬಿಸಿಡಿ ಹೇಳಿಕೊಟ್ಟಳು. ಮೂರು ನಾಲ್ಕು ಅಕ್ಷರದ ಸಣ್ಣ ಪದಗಳನ್ನೂ ಕಲಿಸಿದಳು. ಇದು ಯಜಮಾನನಿಗೆ ಗೊತ್ತಾಗಿ ಸಿಟ್ಟು ಬಂತು. ಓದು ಕಲಿತವನು ಗುಲಾಮನಾಗಿ ಉಳಿಯೋದಿಲ್ಲ ಅಂತ ಹೇಳಿ ಪಾಠ ನಿಲ್ಲಿಸಿಬಿಟ್ಟ. ಪಕ್ಕದಲ್ಲೇ ನಿಂತಿದ್ದ ಹುಡುಗನಿಗೆ ಅದು ಕೇಳಿಸಿತು. ಹಾಗಾದರೆ ಬಿಡುಗಡೆಯ ದಾರಿ ಓದೇ ಅಂತ ಅವನಿಗೆ ಅವತ್ತು ತಿಳಿಯಿತು.

ಆಮೇಲೆ ಅವನಿಗೆ ಶಾಲೆಯೂ ಇಲ್ಲ, ಮೇಷ್ಟ್ರೂ ಇಲ್ಲ. ಏನು ಮಾಡಿದ ಗೊತ್ತಾ? ಹೊರಗೆ ಹೋಗುವಾಗ ಮನೆಯಿಂದ ರೊಟ್ಟಿ ಒಯ್ಯುತ್ತಿದ್ದ. ಬೀದಿಯ ಬಡ ಬಿಳಿಯ ಹುಡುಗರಿಗೆ ರೊಟ್ಟಿ ಕೊಟ್ಟು ಅವರಿಂದ ಪದ ಕಲಿಯುತ್ತಿದ್ದ. ಹಡಗು ಕಟ್ಟುವ ಜಾಗದಲ್ಲಿ ಬಡಗಿಗಳು ಮರದ ತುಂಡುಗಳ ಮೇಲೆ ಎಲ್, ಎಸ್ ಅಂತ ಗುರುತು ಹಾಕುತ್ತಿದ್ದರು. ಎಲ್ ಅಂದರೆ ಹಡಗಿನ ಎಡಭಾಗ, ಎಸ್ ಅಂದರೆ ಬಲಭಾಗ. ಅದನ್ನು ನೋಡಿ ನೋಡಿ ಬರೆಯೋದು ಶುರುಮಾಡಿದ. ಅವನ ನೋಟ್‌ಬುಕ್ ಯಾವುದು ಅಂದರೆ ಗೋಡೆ, ಬೇಲಿಯ ಹಲಗೆ, ರಸ್ತೆಯ ಕಲ್ಲು. ಪೆನ್ನು ಅಂದರೆ ಸೀಮೆಸುಣ್ಣದ ಚೂರು. ವೆಬ್‌ಸ್ಟರ್ ಅವರ ಸ್ಪೆಲ್ಲಿಂಗ್ ಪುಸ್ತಕ ನೋಡಿ ಬಾಯಿಪಾಠ ಬರುವ ತನಕ ತಿದ್ದಿದ.

ಈಗ ಮುಖ್ಯ ಸಂಗತಿ ಕೇಳಿ. ಯಾರಾದರೂ ಗುಲಾಮ ಓಡಿಹೋದರೆ ದೊಡ್ಡವರು ಸಿಟ್ಟಿನಿಂದ ಅಬಾಲಿಷನ್ ಅನ್ನೋ ಪದ ಆಡುತ್ತಿದ್ದರು. ಹುಡುಗನಿಗೆ ಅರ್ಥ ಗೊತ್ತಿಲ್ಲ. ನಿಘಂಟು ತೆಗೆದು ನೋಡಿದ. ಅಬಾಲಿಷ್ ಮಾಡುವ ಕೆಲಸ ಅಂತ ಮಾತ್ರ ಇತ್ತು. ಏನನ್ನು ಅಬಾಲಿಷ್ ಮಾಡೋದು? ಯಾರನ್ನಾದರೂ ಕೇಳೋಣವೆಂದರೆ ಹೆದರಿಕೆ. ನಾವು ಕೇಳಿದರೆ ನಗುತ್ತಾರೆ ಅಷ್ಟೆ, ಅವನು ಕೇಳಿದ್ದರೆ ಏಟು ಬೀಳುತ್ತಿತ್ತು. ಆದರೂ ಅವನು ಆ ಪದವನ್ನು ಬಿಡಲಿಲ್ಲ. ಎಲ್ಲೇ ಕೇಳಿದರೂ ಕಿವಿ ನೆಟ್ಟಗೆ ಮಾಡುತ್ತಿದ್ದ. ಕೊನೆಗೆ ಒಂದು ಪತ್ರಿಕೆ ಸಿಕ್ಕಿತು. ಗುಲಾಮಗಿರಿಯನ್ನು ಅಬಾಲಿಷ್ ಮಾಡಬೇಕು ಅಂತ ಉತ್ತರದ ರಾಜ್ಯಗಳ ಜನ ಅರ್ಜಿ ಕೊಟ್ಟ ಸುದ್ದಿ ಅದರಲ್ಲಿತ್ತು. ಅಂದರೆ ರದ್ದು ಮಾಡೋದು! ತನ್ನಂಥವರ ಬಿಡುಗಡೆಗಾಗಿ ಯಾರೋ ದುಡಿಯುತ್ತಿದ್ದಾರೆ ಅಂತ ಆ ಒಂದು ಪದದಿಂದ ಅವನಿಗೆ ಗೊತ್ತಾಯಿತು.

ನಮ್ಮ ವಯಸ್ಸಿನಲ್ಲೇ ಅವನು ಬೂಟು ಪಾಲಿಶ್ ಮಾಡಿ ಗಳಿಸಿದ 50 ಸೆಂಟ್ ಕೊಟ್ಟು ಭಾಷಣಗಳ ಒಂದು ಪುಸ್ತಕ ಕೊಂಡುಕೊಂಡ. ಅದನ್ನು ಮತ್ತೆ ಮತ್ತೆ ಓದಿದ. ಮನಸ್ಸಿನಲ್ಲಿದ್ದ ವಿಚಾರಗಳಿಗೆ ಅದರಿಂದ ಮಾತು ಸಿಕ್ಕಿತು. ಮುಂದೆ ದೊಡ್ಡವನಾದ ಮೇಲೆ ತಾನು ಕಲಿತದ್ದನ್ನು ಗುಟ್ಟಾಗಿ ಬೇರೆ ಗುಲಾಮರಿಗೂ ಕಲಿಸಿದ.

1838ರ ಸೆಪ್ಟೆಂಬರ್ 3ರಂದು ಡಗ್ಲಸ್ ನಾವಿಕನ ವೇಷ ಹಾಕಿ, ರೈಲು ಹತ್ತಿ ತಪ್ಪಿಸಿಕೊಂಡರು. 1841ರಿಂದ ಊರೂರು ತಿರುಗಿ ಗುಲಾಮಗಿರಿಯ ವಿರುದ್ಧ ಭಾಷಣ ಮಾಡಿದರು. ಅವರ ಇಂಗ್ಲಿಷ್ ಎಷ್ಟು ಚೆನ್ನಾಗಿತ್ತೆಂದರೆ, ಇವರು ಗುಲಾಮರಾಗಿದ್ದವರೇ ಅಲ್ಲ ಅಂತ ಕೆಲವರು ಅನುಮಾನಪಟ್ಟರು. ಅದಕ್ಕೆ 1845ರಲ್ಲಿ ಯಜಮಾನರ ಹೆಸರುಗಳನ್ನೂ ಬರೆದು ತಮ್ಮ ಜೀವನಕತೆ ಅಚ್ಚು ಹಾಕಿಸಿದರು. ಇದರಿಂದ ಮತ್ತೆ ಹಿಡಿದುಕೊಂಡು ಹೋಗುವ ಭಯ ಬಂದು ಸಮುದ್ರ ದಾಟಿ ಬ್ರಿಟನ್ನಿಗೆ ಹೋದರು. 1846ರಲ್ಲಿ ಅಲ್ಲಿನ ಸ್ನೇಹಿತರು ಹಣ ಕೊಟ್ಟು ಅವರನ್ನು ಬಿಡಿಸಿದರು. 1847ರಲ್ಲಿ ಸ್ವಂತ ಪತ್ರಿಕೆ ಶುರುಮಾಡಿದರು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾಯಿತು. ಡಗ್ಲಸ್ ಅವರು 1895ರಲ್ಲಿ ತೀರಿಕೊಂಡರು.

ಗೆಳೆಯರೇ, ನಿಘಂಟಿನಲ್ಲಿ ಅರ್ಥ ನೋಡಿದರೆ ಸಾಲದು, ಪದ ಎಲ್ಲಿ ಹೇಗೆ ಬರುತ್ತದೆ ಅಂತಲೂ ನೋಡಬೇಕು ಅಂತ ನಾನು ಇದರಿಂದ ಕಲಿತೆ. ನಮಗೆ ಮೇಷ್ಟ್ರು ಇದ್ದಾರೆ, ಪುಸ್ತಕ ಇದೆ. ನಕ್ಕರೆ ನಗಲಿ, ನಾನಂತೂ ಇನ್ನು ಮೇಲೆ ಕೇಳುತ್ತೇನೆ. ಈ ಹಾಳೆಯ ಕೆಳಗೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ನಿಮಗೆ ಅರ್ಥ ಗೊತ್ತಿಲ್ಲದ ಇಂಗ್ಲಿಷ್ ಪದ ಇದ್ದರೆ ಅಲ್ಲಿ ಬರೆಯಿರಿ. ಗೊತ್ತಿದ್ದವರು ಅದರ ಪಕ್ಕ ಅರ್ಥ ಬರೆದು ಒಂದು ವಾಕ್ಯವನ್ನೂ ಮಾಡಿ. ಮೊದಲನೇ ಪದ ನಾನೇ ಬರೆದಿದ್ದೇನೆ. ಐಲ್ಯಾಂಡ್ ಅಂದರೆ ದ್ವೀಪ.

ಇಂತಿ ನಿಮ್ಮ ಗೆಳೆಯ,
ಏಳನೇ ತರಗತಿ